ಡಾಕ್ಟ್ರಮ್ಮನ ಹಲ್ಲು

ಡಾಕ್ಟ್ರಮ್ಮನ ಫ್ಲೆಕ್ಸ್ ಕಟ್ಟುವಾಗ ಗಾಳಿ ಬಂದು ನಡುವೆ ಹರಿದುಹೋಗಬಹುದಿತ್ತು. ಬೊಂಬು ಜಾರಿ ಮಾವಿನಕಾಯಿ ತುಂಬಿದ ಟೆಂಪೋ ಮೇಲೆ ಬೀಳಬಹುದಿತ್ತು. ‘ಶ್ರದ್ಧಾಂಜಲಿ’ಯ ಒಂದು ಒತ್ತು ಹಾರಿಹೋಗಿ ಊರಿನ ಕನ್ನಡ ಮೇಷ್ಟ್ರು ನನ್ನ ಅಂಗಡಿಗೆ ಬಂದು ಪಾಠ ಮಾಡಬಹುದಿತ್ತು. ಪರ್ಮಿಷನ್ ಎಲ್ಲಿ ಎಂದು ಯಾರಾದರೂ ಕೇಳಿ, ಸುತ್ತಿಕೊಂಡು ಹೋಗಬಹುದಿತ್ತು. ಅದೇ ದಿನ ಪ್ರಿಂಟಾಗುತ್ತಿದ್ದ ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ ಜೊತೆ ಅದಲುಬದಲಾಗಿ, ಬದುಕಿರುವವರಿಗೆ ಶ್ರದ್ಧಾಂಜಲಿಯೂ ಹೋದವರಿಗೆ ‘ನೂರು ವರ್ಷ ಬಾಳಿ’ಯೂ ಬರಬಹುದಿತ್ತು. ಮೇಕೆ ತಿನ್ನಬಹುದಿತ್ತು. ಮೇಕೆ ಫ್ಲೆಕ್ಸ್ ತಿನ್ನುವುದಿಲ್ಲ ಎಂದು ನನ್ನ ಹೆಂಡತಿ ಹೇಳಿದಳು. ನಮ್ಮ ಬೀದಿಯ ಮೇಕೆಗಳು ಅವಳಿಗೆ ಗೊತ್ತಿಲ್ಲ. ಡಾಕ್ಟ್ರಮ್ಮನ ತಮ್ಮ ಕೋಲಾರದಿಂದ ಬಂದು ಎಲ್ಲರೆದುರು ನನ್ನ ಕೊರಳಪಟ್ಟಿ ಹಿಡಿಯಬಹುದಿತ್ತು. ಬಸ್ಸಿಗೆ ಕಾಯುತ್ತ ನಿಂತವರು ಫೋಟೋ ನೋಡಿ, “ಹಲ್ಲಿನ ಡಾಕ್ಟ್ರಂತೆ, ಹಲ್ಲು ನೋಡ್ರಪ್ಪ” ಎಂದು ನಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಫ್ಲೆಕ್ಸ್ ಮಾಡುವ ಫೋಟೋ ಸ್ಟುಡಿಯೋದವನು ಕೊನೇ ಗಳಿಗೆಯಲ್ಲಿ ಮೌಸ್ ಆಡಿಸಿ ಆಕೆಯ ಹಲ್ಲನ್ನು ಬೆಳ್ಳಗೆ ಮಾಡಿಬಿಡಬಹುದಿತ್ತು.

ಅದೊಂದು ಆಗಬಾರದು ಎಂದೇ ಇಷ್ಟೆಲ್ಲ ರಾದ್ಧಾಂತ.

ಹೊರಗಿನವರಿಗೆ ನಮ್ಮ ಕಡೆಯ ಹಲ್ಲಿನ ವಿಷಯ ಸ್ವಲ್ಪ ಹೇಳಬೇಕು. ಶ್ರೀನಿವಾಸಪುರ, ಮುಳಬಾಗಿಲು, ಎಲ್ಲಿ ಬೇಕಾದರೂ ಹೋಗಿ. ಬೋರ್‌ವೆಲ್ ನೀರು ಕುಡಿದು ಬೆಳೆದವರ ಬಾಯಿ ತೆರೆಸಿದರೆ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡಪಟ್ಟೆಗಳು ಕಾಣುತ್ತವೆ. ಕೆಲವರಿಗೆ ಪಟ್ಟೆ, ಕೆಲವರಿಗೆ ಚುಕ್ಕೆ, ನನ್ನಂಥ ಅದೃಷ್ಟವಂತರಿಗೆ ಎರಡೂ. ನೀರಿನ ಫ್ಲೋರೈಡು ಹಲ್ಲು ಮೂಡುವ ಮೊದಲೇ, ಅದಿನ್ನೂ ವಸಡಿನೊಳಗೆ ಇರುವಾಗಲೇ ಸೇರಿಕೊಂಡಿರುತ್ತದೆ. ಆಮೇಲೆ ಬೇವಿನಕಡ್ಡಿಯಲ್ಲಿ ತಿಕ್ಕಿ, ಇದ್ದಿಲಿನಲ್ಲಿ ತಿಕ್ಕಿ, ಹೋಗುವುದಿಲ್ಲ. ಹಾಗಾಗಿ ನಮ್ಮಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಬರುತ್ತದೆ, ಹೆಂಗಸರಿಗೆ ಸೆರಗು. ಬೇರೆ ಊರಿನ ಫೋಟೋಗ್ರಾಫರ್ “ಸ್ಮೈಲ್ ಪ್ಲೀಸ್” ಅನ್ನುವ ಕಡೆ ನಮ್ಮವರು “ತುಟಿ ಸೇರ್ಸಿ” ಅನ್ನುತ್ತಾರೆ. ಅಷ್ಟಾದರೂ ಯಾರಾದರೂ ಮರೆತು ನಕ್ಕಿದ್ದರೆ ಕಂಪ್ಯೂಟರಿನಲ್ಲಿ ಅವರ ಹಲ್ಲು ಬೆಳ್ಳಗೆ ಮಾಡುತ್ತಾರೆ. ಯಾರೂ ಕೇಳಬೇಕಾಗಿಲ್ಲ. ತರಕಾರಿ ಕೊಂಡವರಿಗೆ ಕರಿಬೇವು ಕೊಸರು ಹಾಕಿದ ಹಾಗೆ ತಾನಾಗಿ ಬರುತ್ತದೆ.

ಶ್ರೀನಿವಾಸಪುರದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್. ಪಕ್ಕದ ಮಳಿಗೆಗೆ ಹಲ್ಲಿನ ಡಾಕ್ಟರೊಬ್ಬರು ಬರುತ್ತಾರೆ ಎಂದು ಗೊತ್ತಾದಾಗ ನನಗೆ ಖುಷಿಯಾಗಿತ್ತು. ಹಲ್ಲುನೋವಿನವರು ಮಾತ್ರೆ ತೆಗೆದುಕೊಳ್ಳಲು ದೂರ ಹೋಗುವುದಿಲ್ಲವಲ್ಲ. ಬಂದವರು ತೆಳ್ಳಗೆ ಎತ್ತರಕ್ಕಿದ್ದ ಹೆಂಗಸು, ಹಳೇ ಸ್ಕೂಟಿ, ಹವಾಯಿ ಚಪ್ಪಲಿ. ರಾಯಲ್ಪಾಡು ಕಡೆಯವರು. ಹತ್ತಿ, ಗ್ಲೌಸು ಕೊಳ್ಳಲು ಮೊದಲ ದಿನವೇ ನನ್ನ ಕೌಂಟರಿಗೆ ಬಂದು ನಕ್ಕರು. ನೋಡಿದೆ. ನನ್ನ ಹಲ್ಲೇ ವಾಸಿ ಅನ್ನುವ ಹಾಗಿತ್ತು. ತಕ್ಷಣ ಕತ್ತು ಹೊರಳಿಸಿ ಷೆಲ್ಫಿನಲ್ಲಿ ಇಲ್ಲದ ಯಾವುದೋ ಡಬ್ಬಿ ಹುಡುಕತೊಡಗಿದೆ.

“ನೋಡಿದ್ರೆ ಪರ್ವಾಗಿಲ್ರೀ ಮೆಡಿಕಲ್ನೋರೆ, ಎಲ್ರೂ ನೋಡ್ತಾರೆ,” ಅಂದರು. “ನೋಡಿ ಆ ಕಡೆ ತಿರುಗ್ಕೊಂಡ್ರಲ್ಲ, ಅದು ಚೆನ್ನಾಗಿಲ್ಲ.”

ಆವತ್ತಿನಿಂದ ನಾನು ಮೆಡಿಕಲ್ನೋರು, ಅವರು ಡಾಕ್ಟ್ರಮ್ಮ. ಬೋರ್ಡಿನಲ್ಲಿ ಹೆಸರಿತ್ತು, ಹೆಸರಿನ ಮುಂದೆ ಡಿಗ್ರಿ ಇತ್ತು. ಊರಿನಲ್ಲಿ ಯಾರೂ ಅದನ್ನು ಓದುವ ಗೋಜಿಗೆ ಹೋಗಲಿಲ್ಲ. ನಾನೂ ಇಲ್ಲಿ ಬರೆಯುತ್ತಿಲ್ಲ.

ಮೊದಲ ಕೆಲವು ತಿಂಗಳು ಜನ ಹಿಂಜರಿದರು. “ತನ್ನ ಹಲ್ಲೇ ಸರಿ ಮಾಡ್ಕೊಂಡಿಲ್ಲ, ನಮ್ದೇನ್ ಮಾಡ್ತಾಳೆ?” ಎಂದು ನನ್ನ ಅಂಗಡಿ ಕಟ್ಟೆಯ ಮೇಲೆಯೇ ಕೂತು ಒಬ್ಬರು ಹೇಳುತ್ತಿದ್ದಾಗ ಡಾಕ್ಟ್ರಮ್ಮ ಹಿಂದೆ ನಿಂತಿದ್ದರು. ನನಗೆ ಬೆವರು ಕಿತ್ತುಕೊಂಡಿತು. ಅವರು ಮಾತ್ರ ತಮ್ಮ ದೊಡ್ಡ ಗಂಟಲಿನಲ್ಲಿ, “ಏಮಯ್ಯಾ, ಹಾರ್ಟ್ ಡಾಕ್ಟ್ರ ಹತ್ರ ಹೋದ್ರೆ ಮೊದ್ಲು ಅವರ ಎದೆ ಬಿಚ್ಚಿ ತೋರ್ಸು ಅಂತೀಯಾ?” ಎಂದು ಕೇಳಿದರು. ಆತ ಅದೇ ವಾರ ದವಡೆ ಹಲ್ಲು ಕೀಳಿಸಿಕೊಳ್ಳಲು ಹೋದ. ನೋಯಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದ.

ಹಲ್ಲು ಬೆಳ್ಳಗೆ ಮಾಡಿಕೊಡಿ ಎಂದು ಬಂದವರಿಗೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ. ತೆಲುಗಿನವರಾದರೆ “ಎವರ್ಕೋಸಂ?” ನಮ್ಮವರಾದರೆ “ಯಾರಿಗೋಸ್ಕರ?” ನನಗೇ ಬೇಕು ಅಂದವರಿಗೆ ಮರುಮಾತಿಲ್ಲದೆ ಮಾಡಿಕೊಡುತ್ತಿದ್ದರು. ಕೋಲಾರದಲ್ಲಿ ವಕೀಲಿ ಮಾಡುತ್ತಿದ್ದ ಸ್ವಂತ ತಮ್ಮನಿಗೆ ಮುಂದಿನ ಆರು ಹಲ್ಲಿಗೂ ತಾವೇ ಕೂತು ಬಿಳೀ ಕವಚ ಹಾಕಿಕೊಟ್ಟಿದ್ದರು. “ಒಂದೇ ಮನೆ, ಒಂದೇ ಬೋರ್‌ವೆಲ್ಲು. ಅವನು ಬೇಕು ಅಂದ, ನನಗೆ ಬೇಡ. ಇದ್ರಲ್ಲಿ ಜಗಳ ಏನಿದೆ?” ಅನ್ನುತ್ತಿದ್ದರು.

ಆದರೆ ಬೇರೆಯವರ ಹೆಸರು ಹೇಳಿದವರ ಕತೆ ಬೇರೆ. ಒಮ್ಮೆ ಅತ್ತೆಯೊಬ್ಬಳು ಮದುವೆ ಗೊತ್ತಾದ ಅಣ್ಣನ ಮಗಳನ್ನು ಎಳೆದುಕೊಂಡು ಬಂದಳು. ಹುಡುಗಿ ಸೆರಗಿನ ಹಿಂದೆ ಕೂತಿದೆ, ಮಾತೆಲ್ಲ ಅತ್ತೆಯದು.

“ಯಾರಿಗೋಸ್ಕರ?”

“ಹುಡುಗನ ಕಡೆಯೋರು ಹೇಳಿದಾರೆ ಡಾಕ್ಟ್ರಮ್ಮ.”

“ಹಂಗಾದ್ರೆ ಹುಡುಗನ್ನ ಕರ್ಕೊಂಡ್ ಬನ್ನಿ. ಅವನ ಬಾಯಿ ಮೊದ್ಲು ನೋಡ್ತೀನಿ. ಗುಟ್ಕಾ ಗಿಟ್ಕಾ ಹಾಕ್ತಾನಾ?”

ಹುಡುಗಿ ಪಕ್ಕನೆ ನಕ್ಕುಬಿಟ್ಟಳು. ಸೆರಗು ಸರಿದುಹೋಯಿತು. ಗೋಡೆಯ ಈ ಕಡೆ ನನಗೂ ಕೇಳಿಸಿತು ಆ ನಗು.

ಅವರ ಸಿಟ್ಟೆಲ್ಲ ಇದ್ದದ್ದು ನೀರಿನ ಮೇಲೆ. ಎಂಟು ವರ್ಷದೊಳಗಿನ ಮಗುವನ್ನು ಕರೆದುಕೊಂಡು ಯಾವ ತಾಯಿ ಬಂದರೂ, ಬಂದ ಕೆಲಸ ಯಾವುದೇ ಇರಲಿ, ಮೊದಲು ನೀರಿನ ವಿಚಾರಣೆ. ಎಲ್ಲಿಂದ ತರ್ತೀಯ, ಅಡುಗೆಗೂ ಅದೇನಾ, ಸ್ಕೂಲಲ್ಲಿ ಏನು ಕುಡಿಯುತ್ತೆ. “ನಮ್ದು ಆಗಿಹೋಯ್ತು. ಇದ್ರ ಹಲ್ಲು ಇನ್ನೂ ಒಳಗಿದೆ. ಬೆಳ್ಳಗೆ ಮಾಡೋದಿದ್ರೆ ಈಗ ಮಾಡು, ಫಿಲ್ಟರ್ ನೀರಿನ ಕ್ಯಾನ್‌ನಲ್ಲಿ.” ಅವರ ತೌರಿನ ಕಡೆ ಒಂದು ಹಳ್ಳಿಯಲ್ಲಿ ಕಾಯಿನ್ ಹಾಕಿದರೆ ಫಿಲ್ಟರ್ ನೀರು ಬರುವ ಘಟಕ ಕೆಟ್ಟು ಕೂತಿತ್ತು. ಡಾಕ್ಟ್ರಮ್ಮ ಕ್ಲಿನಿಕ್ಕಿಗೆ ಬೀಗ ಹಾಕಿ, ಹಲ್ಲು ಕೀಳುವ ಇಕ್ಕಳದ ಪೆಟ್ಟಿಗೆ ಸ್ಕೂಟಿಗೆ ಕಟ್ಟಿಕೊಂಡು ಹೋಗಿ, ಆ ಘಟಕದ ಬಾಗಿಲಲ್ಲೇ ಕುರ್ಚಿ ಹಾಕಿ ಊರಿನವರ ಹಲ್ಲು ನೋಡತೊಡಗಿದರು. “ರಿಪೇರಿಯವನು ಬರೋವರೆಗೂ ನನ್ನ ಕ್ಲಿನಿಕ್ಕು ಇದೇ.” ಘಟಕದ ಜವಾಬ್ದಾರಿ ಹೊತ್ತವರೊಬ್ಬರು ಬಂದು ಸಮಾಧಾನ ಹೇಳಹೋದರೆ, “ಕೂತ್ಕೊಳ್ಳಿ, ಬಾಯಿ ತೆಗೀರಿ,” ಅಂದರಂತೆ. ಮೂರನೇ ದಿನ ನೀರು ಬಂತು.

ಇಷ್ಟೆಲ್ಲ ಪಕ್ಕದಲ್ಲೇ ನೋಡುತ್ತಿದ್ದ ನಾನು ಏನು ಕಲಿತೆ ಅನ್ನುತ್ತೀರಾ? ಮಗಳ ಮದುವೆ ಮೂರು ತಿಂಗಳಿದೆ ಅನ್ನುವಾಗ ಮೊಬೈಲಿನಲ್ಲಿ ಹಲ್ಲು ಬಿಳುಪಿನ ಕಿಟ್ಟೊಂದನ್ನು ಆರ್ಡರ್ ಮಾಡಿದೆ.

ಅವಸರದಲ್ಲಿ ಮಾಡಿದ್ದಲ್ಲ. ಸ್ಟಾಕ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ನಡುವೆ ಗೆರೆ ಎಳೆದು ವಿಚಾರ ಮಾಡಿದ್ದೆ. ಎಡಗಡೆ ‘ಡಾಕ್ಟ್ರು’: ಸುರಕ್ಷಿತ, ಬೇಗ ಆಗುತ್ತದೆ, ಆದರೆ ಪಕ್ಕದಲ್ಲೇ ಇದ್ದಾರೆ, ಯಾರಿಗೋಸ್ಕರ ಎಂದು ಕೇಳುತ್ತಾರೆ. ಬಲಗಡೆ ‘ಮನೆ’: ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಔಷಧಿ ನುಂಗಬಹುದು, ಹಲ್ಲು ಕರಗಬಹುದು, ಟ್ರೇ ಬಾಯಲ್ಲೇ ಕಚ್ಚಿಕೊಂಡು ಮಗಳ ಧಾರೆಯನ್ನು ಸನ್ನೆಯಲ್ಲೇ ಎರೆಯಬೇಕಾಗಬಹುದು. ಔಷಧಿ ಮಾರುವವನಾಗಿ ನನಗೆ ಇದಕ್ಕಿಂತ ಬುದ್ಧಿ ಇರಬೇಕಿತ್ತು. ಆ ಪ್ರಶ್ನೆಯ ಭಯವೇ ಗೆದ್ದಿತು.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ, ಕೌಂಟರಿನ ಹಿಂದೆ ಸ್ಟೂಲ್ ಮೇಲೆ ಕೂತು, ಟ್ರೇಗೆ ಜೆಲ್ ತುಂಬಿ ಬಾಯಿಗೆ ಹಾಕಿಕೊಂಡೆ. ಸ್ವಲ್ಪ ಹಾಕಿ ಎಂದಿತ್ತು. ನಮ್ಮದು ಗಟ್ಟಿ ಕಲೆ ಎಂದು ಜಾಸ್ತಿ ಹಾಕಿದೆ. ಐದು ನಿಮಿಷಕ್ಕೆ ವಸಡಿಗೆ ಬೆಂಕಿ ಹತ್ತಿತು. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು ಮಂಡಿನೋವಿನ ಮುಲಾಮು ಕೇಳಿತು. ನಾನು ಕೈ ಆಡಿಸಿದೆ. “ಯಾಕಪ್ಪಾ, ಸ್ಟ್ರೋಕ್ ಹೊಡೀತಾ?” ಎಂದು ಅಜ್ಜಿ ಬೊಬ್ಬೆ ಹಾಕಿತು. ಡಾಕ್ಟ್ರಮ್ಮ ಓಡಿ ಬಂದರು. ನನ್ನ ಬಾಯಿ ನೋಡಿದರು, ಕೌಂಟರ್ ಮೇಲಿನ ಡಬ್ಬಿ ನೋಡಿದರು, ತೋಳು ಹಿಡಿದು ತಮ್ಮ ಕುರ್ಚಿಗೆ ಒಯ್ದು ಕೂರಿಸಿದರು. ಬಾಯಿ ತೊಳೆಸಿದರು. ಬೈದಿದ್ದರೆ ವಾಸಿಯಿತ್ತು. ಸುಣ್ಣ ಬಳಿದಂತೆ ಬೆಳ್ಳಗಾಗಿದ್ದ ನನ್ನ ವಸಡನ್ನು ಕನ್ನಡಿಯಲ್ಲಿ ತೋರಿಸಿ, “ಬೆಳ್ಳಗಾಗಿದೆ ನೋಡಿ. ಜಾಗ ಸ್ವಲ್ಪ ತಪ್ಪಿದೆ,” ಅಂದರು.

ಎರಡು ದಿನ ಮೊಸರನ್ನ ತಿಂದು, ನಾಚಿಕೆ ಬಿಟ್ಟು ಹೋಗಿ ಕೇಳಿದೆ. ನೀವೇ ಮಾಡಿಕೊಡಿ, ಕ್ಲಿನಿಕ್ಕಿನದೋ ಮನೆಯದೋ, ಯಾವುದು ಒಳ್ಳೇದು?

ಅವರು ನಿಧಾನವಾಗಿ, ಪರೀಕ್ಷೆಗೆ ಕೂತವನಿಗೆ ಹೇಳುವ ಹಾಗೆ ಹೇಳಿದರು. “ಇಲ್ಲಿ ಮಾಡಿದ್ರೆ ವಸಡು ಸುಡದ ಹಾಗೆ ಅಡ್ಡ ಹಚ್ಚಿ, ಸ್ಟ್ರಾಂಗ್ ಔಷಧಿ ಹಾಕಿ, ಎದುರಿಗೇ ಕೂತು ನೋಡ್ಕೋತೀನಿ. ಬೇಗ ಆಗುತ್ತೆ. ಮನೇಲಿ ಅಂದ್ರೆ ನಿಮ್ಮ ಹಲ್ಲಿನ ಅಚ್ಚು ತಗೊಂಡು ಟ್ರೇ ಮಾಡ್ಕೊಡ್ತೀನಿ, ಸೌಮ್ಯವಾದ ಔಷಧಿ, ವಾರಗಟ್ಲೆ ಹಿಡಿಯುತ್ತೆ. ಕಾಫಿ ಟೀ ಕಲೆಗೆ ಎರಡೂ ಆಗುತ್ತೆ. ನಮ್ಮ ನೀರಿನ ಕಲೆ ಎರಡಕ್ಕೂ ಪೂರ್ತಿ ಬಗ್ಗಲ್ಲ. ಕಂದು ತಿಳಿಯಾಗಬಹುದು, ಪಕ್ಕದ ಬಿಳಿ ಮಚ್ಚೆ ಇನ್ನೂ ಎದ್ದು ಕಾಣಬಹುದು. ಪೂರ್ತಿ ಮುಚ್ಚಬೇಕು ಅಂದ್ರೆ ನನ್ನ ತಮ್ಮನ ಥರ ಕವಚ ಹಾಕಬೇಕು. ಪಾರ್ಸಲ್‌ನಲ್ಲಿ ಬರೋದು ಯಾರ ಬಾಯಿಗೂ ಅಳತೆ ತಗೊಂಡು ಬಂದಿರಲ್ಲ, ಅದನ್ನ ಮಾತ್ರ ಮುಟ್ಟಬೇಡಿ.”

“ಗ್ಯಾರಂಟಿ?”

“ಗ್ಯಾರಂಟಿ ಬೇಕಾದ್ರೆ ಫ್ಯಾನ್ ಅಂಗಡಿಗೆ ಹೋಗಿ. ಈಗ ಹೇಳಿ, ಯಾರಿಗೋಸ್ಕರ?”

“ಬೀಗರು ಹೊಸಕೋಟೆಯವರು ಡಾಕ್ಟ್ರಮ್ಮ, ಅವರ ಹಲ್ಲೆಲ್ಲ ಬೆಳ್ಳಗಿದೆ...”

“ಅವರು ಏನಾದ್ರೂ ಅಂದ್ರಾ?”

“ಇಲ್ಲ.”

“ಮಗಳು ಅಂದ್ಳಾ?”

“ಇಲ್ಲ.”

“ಮತ್ತೆ?”

“ಅನ್ನಬಹುದು.”

ಅವರು ಲೈಟ್ ಆರಿಸಿದರು. “ಅಂದ ದಿನ ಬನ್ನಿ.”

ಯಾರೂ ಅನ್ನಲಿಲ್ಲ. ಮದುವೆ ನಡೆಯಿತು. ಡಾಕ್ಟ್ರಮ್ಮ ಹಸಿರು ಸೀರೆ ಉಟ್ಟು ಬಂದರು. ವೇದಿಕೆಯ ಮೇಲೆ ನಮ್ಮ ಪಕ್ಕ ನಿಂತಾಗ ಸ್ಟುಡಿಯೋದವನು ಕ್ಯಾಮೆರಾ ಹಿಂದಿನಿಂದ, “ಮೇಡಂ, ತುಟಿ ಸೇರ್ಸಿ,” ಅಂದ. “ಸೇರ್ಸ್ಕೊಂಡು ನಗೋದ್ ಹೆಂಗಪ್ಪಾ, ನೀನ್ ನಕ್ಕು ತೋರ್ಸು,” ಅಂದರು. ಇಡೀ ವೇದಿಕೆ ನಕ್ಕಿತು. ನಾನು ಮಾತ್ರ ತುಟಿ ಸೇರಿಸಿ ನಿಂತಿದ್ದೆ. ಆ ಫೋಟೋದಲ್ಲಿ ನನ್ನನ್ನು ನೋಡಿದರೆ ಮಗಳ ಮದುವೆಯೋ ಹಲ್ಲುನೋವೋ ಗೊತ್ತಾಗುವುದಿಲ್ಲ.

ಆಲ್ಬಂ ಬಂದಾಗ ಅವರಿಗೆ ತೋರಿಸಿದೆ. ಆ ಪುಟಕ್ಕೆ ಬಂದು ನಿಂತರು. ಆಲ್ಬಂ ಬೆಳಕಿಗೆ ಹಿಡಿದರು. ಫೋಟೋದಲ್ಲಿ ಅವರ ಹಲ್ಲು ಹೊಸ ಬಚ್ಚಲಿನ ಟೈಲ್ಸಿನ ಹಾಗೆ ಹೊಳೆಯುತ್ತಿತ್ತು.

“ಇದ್ಯಾರ್ರೀ ಇವಳು, ನನ್ನ ಸೀರೆ ಉಟ್ಕೊಂಡು ನಿಂತಿರೋಳು?”

ನಾನು ಹೋಗಲಿ ಬಿಡಿ ಅಂದೆ. ಅವರು ಆಗಲೇ ಆಲ್ಬಂ ಕಂಕುಳಿಗಿಟ್ಟು ಹೊರಟಿದ್ದರು. ಸ್ಟುಡಿಯೋದವನು ನಲವತ್ತರ ಹತ್ತಿರದವನು, ನಂಗಲಿ ಕಡೆಯವನು, ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. “ಎಲ್ರಿಗೂ ಮಾಡ್ತೀವಿ ಮೇಡಂ, ಒಳ್ಳೇದಕ್ಕೇ,” ಅಂದ.

“ಕೇಳ್ದೇನೇ ನನ್ನ ಬಾಯಿಗೆ ಕೈ ಹಾಕಿದೀಯ. ಡಾಕ್ಟ್ರು ಕಣಪ್ಪಾ ನಾನು, ನಾನೇ ಯಾರ ಬಾಯಿಗೂ ಕೇಳ್ದೆ ಕೈ ಹಾಕಲ್ಲ.” ದನಿ ಏರಿರಲಿಲ್ಲ. ಅಷ್ಟು ವರ್ಷದಲ್ಲಿ ನಾನು ಅವರ ದನಿ ಇಳಿದದ್ದು ಕೇಳಿದ್ದು ಆವತ್ತೊಂದೇ ದಿನ. “ನಾಳೆ ನಾನ್ ಸತ್ರೆ ಫ್ಲೆಕ್ಸ್‌ನಲ್ಲೂ ಹಿಂಗೇ ಮಾಡ್ತೀಯೇನು?”

“ಅಯ್ಯೋ, ಬಿಡ್ತು ಅನ್ನಿ ಮೇಡಂ.”

“ಬಿಡ್ತು ಅನ್ನಲ್ಲ. ಮಾಡಲ್ಲ ಅನ್ನು.”

ಮಾಡಲ್ಲ ಅಂದ. ಪುಟವನ್ನು ಹೊಸದಾಗಿ ಹಾಕಿಕೊಟ್ಟ.

ಅದಾಗಿ ಎರಡು ವರ್ಷ ತುಂಬಿರಲಿಲ್ಲ. ಮಧ್ಯಾಹ್ನ ಊಟ ಮಾಡಿ, ರೋಗಿಗಳ ಕುರ್ಚಿಯಲ್ಲೇ ಒರಗಿದ ಡಾಕ್ಟ್ರಮ್ಮ ಏಳಲಿಲ್ಲ. ಐವತ್ತೆರಡು ವರ್ಷ. ಮೂರು ಗಂಟೆಗೆ ಬರಲು ಹೇಳಿದ್ದ ಹೆಂಗಸು ಮಗು ಎತ್ತಿಕೊಂಡು ಬಂದು, ಕರೆದು, ಕರೆದು, ನನ್ನ ಅಂಗಡಿಗೆ ಬಂದಳು.

ಹನ್ನೊಂದನೇ ದಿನದ ತಿಥಿಗೆ ನಮ್ಮ ಬೀದಿಯ ಅಂಗಡಿಯವರೆಲ್ಲ ಸೇರಿ ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಕಟ್ಟುವುದು ಎಂದಾಯಿತು. ಮೇಲೆ ಅವರ ದೊಡ್ಡ ಫೋಟೋ, ಕೆಳಗೆ ರೂಢಿಯ ಹಾಗೆ ಶ್ರದ್ಧಾಂಜಲಿ ಸಲ್ಲಿಸುವವರ ಸಣ್ಣ ಸಣ್ಣ ಮುಖಗಳ ಸಾಲು. ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು, ಪಕ್ಕದ ಅಂಗಡಿಯವನು ಎಂದು. ಮಗಳ ಮದುವೆಯ ಫೋಟೋದಿಂದಲೇ ಅವರ ಮುಖ ತೆಗೆಸಿದೆ. ಅವರು ಬಾಯಿ ತುಂಬ ನಕ್ಕದ್ದು, ಕಂದು ಪಟ್ಟೆ, ಸಣ್ಣ ಗುಳಿ ಎಲ್ಲ ಸಮೇತ, ಸ್ಟುಡಿಯೋದವನ ಸ್ಕ್ರೀನ್ ತುಂಬ ಬಂತು.

ಆ ಹೊತ್ತಿಗೆ ಸರಿಯಾಗಿ ಡಾಕ್ಟ್ರಮ್ಮನ ತಮ್ಮ ಬಂದರು. ಬಿಳೀ ಪಂಚೆ, ಕೆಂಪಾದ ಕಣ್ಣು. ಸ್ಕ್ರೀನ್ ನೋಡಿ, “ಅಕ್ಕನ ಹಲ್ಲು ಸ್ವಲ್ಪ ಸರಿ ಮಾಡಪ್ಪ. ಕೋರ್ಟಿನವರೆಲ್ಲ ಬರ್ತಾರೆ,” ಅಂದರು.

ಸ್ಟುಡಿಯೋದವನ ಕೈ ಮೌಸ್ ಮೇಲೆ ನಿಂತಿತು. ಅವನು ನನ್ನನ್ನು ನೋಡಿದ. ಕೊಟ್ಟ ಮಾತು ಅವನದು. ಉಳಿಸುವ ಕೆಲಸ ನನ್ನದಾಯಿತು. ನಾನು ಐವತ್ತೊಂದು ವರ್ಷದಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ. ಬಸ್ಸಿನಲ್ಲಿ ಕಾಲು ತುಳಿದವರಿಗೆ ನಾನೇ ಸಾರಿ ಕೇಳುವವನು. ಎದುರಿಗಿರುವವರು ವಕೀಲರು ಬೇರೆ.

“ಬೇಡ ಸಾರ್,” ಅಂದೆ. ನನ್ನ ದನಿ ಇಲಿಯ ದನಿಯಂತಿತ್ತು. ಇನ್ನೊಮ್ಮೆ ಅಂದೆ. “ಬೇಡ. ಮುಟ್ಟಬಾರ್ದು.”

“ಏನ್ರೀ ನೀವು? ನನ್ನ ಅಕ್ಕ ಅವಳು. ಬದುಕಿದ್ದಷ್ಟು ದಿನ ಆ ಹಲ್ಲಿಗೆ ಮಾತು ಕೇಳಿದಾಳೆ. ಹೋದ್ಮೇಲಾದ್ರೂ ಯಾರೂ ನಗಬಾರ್ದು ಅಂತ ನನಗೆ. ತಪ್ಪಾ?”

ತಪ್ಪಲ್ಲ ಎಂದು ನನಗೂ ಅನ್ನಿಸಿತು. ಅಲ್ಲಿಗೇ ಬಿಟ್ಟುಬಿಡೋಣ ಎಂದುಕೊಂಡೆ ಕೂಡ. ಆದರೆ ಬಾಯಿ ನನ್ನ ಮಾತು ಕೇಳಲಿಲ್ಲ.

“ನಿಮ್ಮ ಹಲ್ಲು ಮಾಡ್ಕೊಟ್ಟೋರು ಅವರೇ ಅಲ್ವಾ ಸಾರ್?”

“ಹೂಂ.”

“ನೀವು ಕೇಳಿದ್ರಿ, ಮಾಡಿದ್ರು. ಅವರು ಯಾವತ್ತಾದ್ರೂ ಕೇಳಿದ್ರಾ? ಅವರಿಗೆ ಬೇಕಿದ್ರೆ ಔಷಧಿ ಅವರ ಹತ್ರಾನೇ ಇತ್ತು, ಕೈ ಅವರದೇ ಇತ್ತು, ಕನ್ನಡಿ ಎದುರಿಗೇ ಇತ್ತು. ಇಷ್ಟು ವರ್ಷ ಮಾಡ್ಕೊಳ್ಳಲಿಲ್ಲ. ಈಗ ಎದ್ದು ಬಂದು ಬೇಡ ಅನ್ನೋಕಾಗಲ್ಲ ಅಂತ ನಾವು ಮಾಡಿಬಿಡೋದಾ? ಯಾರಿಗೋಸ್ಕರ?”

ಕೊನೆಯ ಮಾತು ಸ್ವಲ್ಪ ಜೋರಾಗಿಯೇ ಬಂತು. ಹೊರಗೆ ಜೆರಾಕ್ಸಿಗೆ ನಿಂತಿದ್ದವರು ತಿರುಗಿ ನೋಡಿದರು.

ತಮ್ಮನಿಗೆ ಅಳುವೋ ನಗುವೋ ಬಂತು. ಅಕ್ಕ ಮಾಡಿಕೊಟ್ಟ ಆ ಬಿಳೀ ಹಲ್ಲಿಗೆ ಅಡ್ಡವಾಗಿ ಕೈ ತಾನಾಗಿ ಹೋಯಿತು, ಚಿಕ್ಕಂದಿನಿಂದ ಹೋಗುತ್ತಿದ್ದ ಹಾಗೆ. ಕೈ ಕೆಳಗಿಳಿಸಿ, “ಹಂಗೇ ಇರ್ಲಿ ಬಿಡಪ್ಪ,” ಅಂದರು. “ಅವಳು ಹಂಗೇ ಇದ್ಲು.”

ಅವರು ಹೋದ ಮೇಲೆ ಸ್ಟುಡಿಯೋದವನು ನೀರು ಕೊಟ್ಟು, “ಅಣ್ಣಾ, ಕೆಳಗಿನ ಸಾಲಿಗೆ ನಿಮ್ಮ ಫೋಟೋ ಒಂದು ಬಾಕಿ,” ಅಂದ. ಈಗಲೇ ತೆಗಿ ಅಂದೆ. ಸ್ಟೂಲ್ ಮೇಲೆ ಕೂತೆ. ಅಭ್ಯಾಸಬಲದಿಂದ ಅವನು “ತುಟಿ ಸೇರ್ಸಿ ಅಣ್ಣಾ” ಅಂದ. ಸೇರಿಸಲಿಲ್ಲ. ಮೀಸೆ ಎತ್ತಿ, ಹಲ್ಲು ಬಿಟ್ಟೆ. ಮೊದಲ ಸಲ ಔಷಧಿ ಕುಡಿದವನ ಮುಖ ಬಂತು, ಎರಡನೇ ಸಲ ಬೈಗುಳ ತಿಂದವನ ಮುಖ. ಮೂರನೇ ಸಲಕ್ಕೆ ಡಾಕ್ಟ್ರಮ್ಮ ಇದ್ದಿದ್ದರೆ ಏನನ್ನುತ್ತಿದ್ದರು ಎಂದು ನೆನೆದೆ, ನಗು ಬಂತು. ಮೇಲಿನೆರಡು ಕಂದು ಹಲ್ಲು, ಕೆಳಗಿನ ಚುಕ್ಕೆ ಸಾಲು, ಎಲ್ಲ ಲೈಟಿಗೆ ಬಿತ್ತು. ನನ್ನ ಮದುವೆಯ ಆಲ್ಬಮ್ಮಿನಲ್ಲಾಗಲಿ ವೋಟರ್ ಕಾರ್ಡಿನಲ್ಲಾಗಲಿ ಇಲ್ಲದ ಮುಖ ಅದು. ಒಂದು ಥರ ಹಗುರವಾಗಿ ಮನೆಗೆ ಹೋದೆ.

ಬೆಳಿಗ್ಗೆ ಫ್ಲೆಕ್ಸ್ ಮೇಲೆದ್ದಿತು. ನಾನು ಎದುರಿನ ಕಾಂಡಿಮೆಂಟ್ಸ್ ಅಂಗಡಿಯ ಮುಂದೆ ನಿಂತು, ಗಾಳಿ ಬರುತ್ತದಾ ಎಂದು ಮರ ನೋಡುತ್ತಿದ್ದೆ. ಡಾಕ್ಟ್ರಮ್ಮ ಅಷ್ಟು ಎತ್ತರದಲ್ಲಿ ಇಡೀ ಬಸ್ ಸ್ಟ್ಯಾಂಡಿಗೆ ಕಾಣುವ ಹಾಗೆ ನಗುತ್ತಿದ್ದರು, ಒಂದು ಪಟ್ಟೆಯೂ ಮಾಸಿರಲಿಲ್ಲ. ರಾಯಲ್ಪಾಡು ಬಸ್ಸು ಬಂತು. ಇಳಿದ ಹೆಂಗಸರ ಗುಂಪೊಂದು ಅಲ್ಲೇ ನಿಂತು ಕತ್ತೆತ್ತಿ ನೋಡಿತು. ಒಬ್ಬಳು ಕೈ ಮುಗಿದಳು. ಇನ್ನೊಬ್ಬಳು ಪಕ್ಕದವಳಿಗೆ ಏನೋ ತೋರಿಸಿ ಹೇಳಿದಳು, ಇಬ್ಬರೂ ನಕ್ಕರು. ಯಾರೂ ಸೆರಗು ಎಳೆದುಕೊಳ್ಳಲಿಲ್ಲ. ಡಾಕ್ಟ್ರಮ್ಮನ ತಮ್ಮ ಕಾರಿನಿಂದ ಇಳಿದು ಬಂದು ನನ್ನ ಪಕ್ಕ ನಿಂತು, ಭುಜದ ಮೇಲೆ ಒಮ್ಮೆ ಕೈ ಇಟ್ಟು, ಹೋದರು.

ಆಗಲೇ ನಾನು ರಸ್ತೆ ದಾಟಿ ಹತ್ತಿರ ಹೋಗಿ, ಕೆಳಗಿನ ಸಾಲು ನೋಡಿದ್ದು. ಎಡಗಡೆಯಿಂದ ಮೂರನೆಯವನು ನಾನು. ಬಾಯಿ ತುಂಬ ನಗುತ್ತಿದ್ದೆ. ಹಲ್ಲು ಮಲ್ಲಿಗೆ ಮೊಗ್ಗು ಪೋಣಿಸಿದಂತೆ ಬೆಳ್ಳಗಿತ್ತು.

ಅಲ್ಲಿಂದಲೇ ಫೋನ್ ಮಾಡಿದೆ.

“ಅಣ್ಣಾ,” ಅಂದ ಸ್ಟುಡಿಯೋದವನು, “ಡಾಕ್ಟ್ರಮ್ಮನ ಹಲ್ಲು ಮುಟ್ಟಬೇಡ ಅಂದ್ರಿ, ಮುಟ್ಟಲಿಲ್ಲ. ನಿಮ್ದು ಮುಟ್ಟಬೇಡ ಅಂತ ಹೇಳ್ಲೇ ಇಲ್ವಲ್ಲ.”